ಮೂರು ಸಜ್ಜೆ ರೊಟ್ಟಿ

ನಮ್ಮ ಸಭೆಯ ಚರ್ಚು ಸರಸಂಬಾ ದಾರಿಯಲ್ಲಿ, ತೊಗರಿ ಹೊಲಗಳ ನಡುವೆ ಇದೆ. ತಗಡಿನ ಮಾಡು, ನೀಲಿ ಸುಣ್ಣದ ಗೋಡೆ. ಚಳಿಗಾಲದ ಬೆಳಿಗ್ಗೆ ಮಂಜು ಕಿಟಕಿಯಿಂದ ಒಳಗೇ ಬಂದು ನಮ್ಮ ಜೊತೆ ಚಾಪೆಯ ಮೇಲೆ ಕೂರುತ್ತಿತ್ತು. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳು ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ದೂರದಿಂದ ಬಂದು ದೂರಕ್ಕೆ ಹೋಗುತ್ತಿತ್ತು. ಆ ಒಂದು ವರ್ಷವನ್ನು ನೆನೆದರೆ ಎಲ್ಲವೂ ಆ ಮಂಜಿನೊಳಗೇ ನಡೆದಂತೆ ಅನಿಸುತ್ತದೆ. ಬೇಸಿಗೆ, ಮಳೆಗಾಲ ಬಂದೇ ಇರಬೇಕು. ನನಗೆ ಯಾಕೋ ನೆನಪಿಲ್ಲ.

ನಾನು ಅಲ್ಲಿ ಸಂಡೇ ಸ್ಕೂಲ್ ಟೀಚರ್. ಮೂವತ್ತು ದಾಟಿದ್ದೆ, ನಾಲಿಗೆ ಹರಿತವಾಗಿತ್ತು. ಹತ್ತು ಆಜ್ಞೆಗಳನ್ನು ಮಕ್ಕಳಿಂದ ಒಂದಕ್ಷರ ತಪ್ಪದೆ ಹೇಳಿಸುತ್ತೇನೆಂಬ ಜಂಬ ಬೇರೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂಮಿಗೆ ಪೂಜೆ ಮಾಡಿ, ಮಾಡಿದ ಅಡುಗೆಯನ್ನು ಒಂದಿಷ್ಟು ಬೆಳೆಯ ಮೇಲೆ ಚರಗ ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣ್ಣಿಸುತ್ತಾರೆ. ಆ ವರ್ಷ ಪಕ್ಕದ ಮನೆಯವರು ಕರೆದರೆಂದು ಅವ್ವ ಹೋಗಿ ಉಂಡಳು. ಬರುವಾಗ ಒಂದು ಗಂಟು ತಂದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ. ನಾನು ಹೊಸ್ತಿಲಲ್ಲೇ ಕೂತು ಮೂರು ರೊಟ್ಟಿ ಮುಗಿಸಿದೆ. ಎಷ್ಟು ರುಚಿಯಿತ್ತೆಂದರೆ, ಎಲ್ಲಿಂದ ಬಂದದ್ದೆಂದು ಯೋಚಿಸಲೂ ಇಲ್ಲ.

ನಮ್ಮ ಪಾಸ್ಟರರು ಆಗ ಹೊಸಬರು, ವಯಸ್ಸಿನಲ್ಲೂ ಚಿಕ್ಕವರು. ತಿಂಗಳಿಗೊಮ್ಮೆ ಆಳಂದದಿಂದ ಬೈಕಿನಲ್ಲಿ ಬಂದು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಮರುಭಾನುವಾರ ಬಾಗಿಲಲ್ಲೇ ನನ್ನನ್ನು ಕೇಳಿದರು.

"ಹಬ್ಬಕ್ಕ ನಮ್ಮವರು ಯಾರೂ ಹೊಲಕ್ಕ ಹೋಗಿಲ್ಲಲ್ರಿ?"

"ನಮ್ಮವ್ವ ಹೋಗ್ಯಾಳ್ರಿ. ಭಜ್ಜಿ ಅಂದ್ರ ಜೀವ ಆಕಿಗಿ," ಎಂದು ನಕ್ಕೆ. ಅವರೂ ನಗುತ್ತಾರೆಂದುಕೊಂಡಿದ್ದೆ.

ಅವರು ನಗಲಿಲ್ಲ. ಪೂಜೆಯ ಊಟ ಉಂಡವರು ಪ್ರಭುವಿನ ಪಂಕ್ತಿಗೆ ಬರುವಂತಿಲ್ಲ, ಪಶ್ಚಾತ್ತಾಪಪಟ್ಟೆನೆಂದು ಹೇಳುವವರೆಗೆ ಹಿಂದೆಯೇ ಕೂರಲಿ ಎಂದರು. ನಾನು ತಿಂದ ಮೂರು ರೊಟ್ಟಿಯ ಮಾತು ನನ್ನ ಬಾಯಿಂದ ಹೊರಗೆ ಬರಲಿಲ್ಲ.

ಅವ್ವ "ಆಯ್ತ್ರಿ" ಅಂದಳು, ಅಷ್ಟೆ. ಕರೆದು ಉಣ್ಣಿಸಿದವರ ಅನ್ನಕ್ಕೆ ಪಶ್ಚಾತ್ತಾಪಪಡುವುದು ಅವಳಿಂದ ಆಗಲಿಲ್ಲ. ತಿಂಗಳು ತಿಂಗಳೂ ಎಲ್ಲರೂ ಎದ್ದು ಮುಂದೆ ಹೋಗುವಾಗ ಅವಳು ಹಿಂದಿನ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾನು ಅವಳ ಪಕ್ಕದಿಂದಲೇ ಎದ್ದು ಹೋಗಿ ಅಂಗೈ ಚಾಚುತ್ತಿದ್ದೆ. ಶನಿವಾರ ಚರ್ಚಿನ ಕಸ ಗುಡಿಸುವುದನ್ನು ಅವಳು ಬಿಡಲಿಲ್ಲ. ಮನೆಗೆ ಬಂದು ನಾನು ಪಾಸ್ಟರರ ಜನ್ಮ ಜಾಲಾಡಿದರೆ, "ಸುಮ್ಕಿರ ಬೇ, ಅವರಿಗಿ ತಿಳದಂಗ ಮಾಡ್ಯಾರ," ಅನ್ನುತ್ತಿದ್ದಳು. ನನ್ನ ಸಿಟ್ಟೆಲ್ಲ ಹೆದರಿಕೆಯೆಂದು ಅವಳಿಗೆ ಗೊತ್ತಿತ್ತೇನೋ. ನಾನೂ ತಿಂದದ್ದನ್ನು ಎಂದಾದರೊಮ್ಮೆ ಹೇಳಿಬಿಟ್ಟಾಳೆಂದು ನಾನು ವರ್ಷವಿಡೀ ಕಾದೆ. ಅವಳು ಹೇಳಲಿಲ್ಲ.

ಮತ್ತೆ ಎಳ್ಳಮಾವಾಸ್ಯೆ ಬಂತು, ಹೋಯಿತು. ಮುಂದಿನ ಭಾನುವಾರ ಪಾಸ್ಟರರು ಮಂಜಿನಿಂದ ಇಳಿದು ಬಂದವರಂತೆ ಬಂದರು, ಅಂಗಿಯೆಲ್ಲ ಒದ್ದೆ. ಪ್ರಾರ್ಥನೆ ಮುಗಿಸಿ, ರೊಟ್ಟಿಯ ತಟ್ಟೆ ಎತ್ತಿಕೊಂಡು, ವೇದಿಕೆ ಇಳಿದು ಚಾಪೆಗಳ ನಡುವೆ ನಿಂತರು.

"ಅಮಾಸಿ ದಿನ ಅಫಜಲಪುರದಿಂದ ಬರಾಕತ್ತಿದ್ದೆ. ಗಾಡಿ ಪಂಕ್ಚರ್ ಆಯ್ತು. ಹೊಲದವರು ಕರದು ಕೂಡಿಸಿದ್ರು. ಚರಗದ ಊಟ ಅಂತ ಗೊತ್ತಿತ್ತು. ಹಸಿವಾಗಿತ್ತು, ಉಂಡೆ. ಅದರಾಗ ನನಗ ಪಾಪ ಕಾಣ್ಲಿಲ್ಲ. ಈ ತಾಯಿನ ಒಂದ ವರ್ಷ ಹಿಂದ ಕೂಡಿಸಿದ್ದು ನನ್ನ ಪಾಪ."

ಆಮೇಲೆ ಅವ್ವನ ಚಾಪೆಯ ಅಂಚಿಗೆ ಮೊಣಕಾಲೂರಿದರು.

"ತಪ್ಪಾಗ್ಯದ ಯವ್ವಾ. ಇವತ್ತು ನಾ ಎಲ್ಲರಿಗೂ ಕೊಡ್ತೇನಿ, ನಾ ತಗೊಳ್ಳಲ್ಲ."

ಅವರು ಉಂಡದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಕೈ ತೊಳೆದುಕೊಂಡು ಸುಮ್ಮನಿದ್ದಿದ್ದರೆ ಯಾವ ಕಾಲಕ್ಕೂ ಗೊತ್ತಾಗುತ್ತಿರಲಿಲ್ಲ. ನನ್ನದನ್ನೂ ಯಾರೂ ನೋಡಿರಲಿಲ್ಲ, ಅವ್ವನೊಬ್ಬಳನ್ನು ಬಿಟ್ಟು. ಹೇಗೆ ಎದ್ದೆನೋ ಗೊತ್ತಿಲ್ಲ, ನನ್ನ ದನಿ ನನಗೇ ಆ ಟ್ರ್ಯಾಕ್ಟರಿನ ಸಪ್ಪಳದ ಹಾಗೆ ದೂರದಿಂದ ಕೇಳಿಸಿತು.

"ಹೋದ ವರ್ಷ ನಾನೂ ತಿಂದೇನ್ರಿ. ಅವ್ವ ಗಂಟು ತಂದಿದ್ಲು. ಹೇಳ್ಲಿಲ್ಲ ನಾ."

ಅವ್ವ ಕಣ್ಣು ಬಿಟ್ಟಳು.

"ಹೌದ್ರಿ. ಮೂರು ತಿಂದಾಳ."

ಮೊದಲು ನಕ್ಕವರು ನನ್ನ ಸಂಡೇ ಸ್ಕೂಲ್ ಮಕ್ಕಳು. ಆಮೇಲೆ ಸಭೆಯೇ ನಕ್ಕಿತು. ಪಾಸ್ಟರರು ನಗುತ್ತ ಕಣ್ಣೊರೆಸಿಕೊಂಡರು, ನಾನು ಅಳುತ್ತಿದ್ದೆ. ಅವರು ಮೊಣಕಾಲ ಮೇಲಿದ್ದ ಹಾಗೇ ತಟ್ಟೆಯನ್ನು ಅವ್ವನ ಕಡೆ ಚಾಚಿದರು.

"ನಮ್ಮಿಬ್ಬರಿಗೂ ನೀವ ಕೊಡ್ರಿ ಯವ್ವಾ."

ಅವ್ವ ಸೆರಗಿಗೆ ಎರಡೂ ಕೈ ಒರೆಸಿಕೊಂಡಳು. ಒಂದು ತುಂಡು ಮುರಿದು ಪಾಸ್ಟರರ ಅಂಗೈಗೆ ಇಟ್ಟಳು. ಇನ್ನೊಂದನ್ನು ಮುರಿಯುವಾಗ ಸ್ವಲ್ಪ ತಡೆದು, ನನ್ನ ಮುಖ ನೋಡಿದಳು. ನನ್ನ ಪಾಲಿಗೆ ಬಂದ ತುಂಡು ದೊಡ್ಡದಿತ್ತು.