ಪರದೆಯ ಮೇಲಿನ ಅರ್ಧ ಮುಖ

ಆ ಧಾರಾವಾಹಿಯಲ್ಲಿ ಕೆಟ್ಟವರು ಯಾರೆಂದು ತಿಳಿಯಲು ಮಾತು ಬೇಕಿರಲಿಲ್ಲ. ಹುಬ್ಬು ಕಿವಿಯ ಕಡೆಗೆ ಏರಿದ್ದರೆ ಕೆಟ್ಟವನು. ಕೆನ್ನೆಯ ಮೂಳೆಯ ಕೆಳಗೆ ಮಸಿ ಬಳಿದು ಕುಳಿ ತೋರಿಸಿದ್ದರೆ ಕೆಟ್ಟವನು. ಚರ್ಮ ಹಸಿರಾಗಿದ್ದು, ಬೆಳಕು ಗಲ್ಲದ ಕೆಳಗಿನಿಂದ ಬಿದ್ದರಂತೂ ಅನುಮಾನವೇ ಇಲ್ಲ. ಒಳ್ಳೆಯವರ ಮುಖ ಆಗಷ್ಟೇ ತೊಳೆದಿಟ್ಟ ತಟ್ಟೆಯ ಹಾಗಿರುತ್ತಿತ್ತು.

ಯಾವ ಕಾಲದಲ್ಲೋ ಹೊರದೇಶದಲ್ಲಿ ತೆಗೆದ ಬಾಹ್ಯಾಕಾಶದ ಕತೆ ಅದು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ತಮಿಳಿನಲ್ಲಿ ಮಾತಾಡುತ್ತಾ ಭಾನುವಾರ ಬೆಳಿಗ್ಗೆ, ತಮಿಳುನಾಡಿನ ಹೊಸೂರು ಪಕ್ಕದ ಮತ್ತಿಗಿರಿಯ ನಮ್ಮ ಬಾಡಿಗೆ ಮನೆಗೆ ಬರುತ್ತಿತ್ತು. ಅಪ್ಪ ಕಾರ್ಖಾನೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಬಂದವರು; ಬೋನಸ್ಸಿನಲ್ಲಿ ಟಿವಿ ಕೊಂಡಿದ್ದರು. ಬೀದಿಯ ಹುಡುಗರೆಲ್ಲ ನಮ್ಮ ಮನೆಯಲ್ಲೇ ಕೂತು ನೋಡುತ್ತಿದ್ದರು.

ಒಂದು ಕಂತಿನಲ್ಲಿ ಆಕಾಶನೌಕೆಯ ನಾಯಕನ ಮೈಯೊಳಗೆ ಶತ್ರು ಸೇರಿಕೊಳ್ಳುತ್ತಾನೆ. ಮೊದಲು ಎಡಗೆನ್ನೆಯ ಮೇಲೆ ಸಣ್ಣದೊಂದು ಕಪ್ಪು ಚುಕ್ಕೆ. ನಾವೆಲ್ಲ ಉಸಿರು ಬಿಗಿಹಿಡಿದೆವು. ಹಿಂದೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಕತ್ತೆತ್ತಿ ನೋಡಿ, "ಅವರವ್ವ ದೃಷ್ಟಿಬೊಟ್ಟು ಇಟ್ಟವ್ಳೆ ಕಣ್ಲಾ. ಇಷ್ಟು ದೊಡ್ಡೋನಾದ್ರೂ ಬುಟ್ಟಿಲ್ಲ ನೋಡು" ಅಂದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಚುಕ್ಕೆ ಹರಡಿ ಹುಬ್ಬಿನಿಂದ ದವಡೆಯವರೆಗೆ ಅರ್ಧ ಮುಖವನ್ನು ನುಂಗಿತು. ಪೂರ್ತಿ ಮುಖ ಕಪ್ಪಾದರೆ ಇವನು ನಮ್ಮವನಾಗಿ ಉಳಿಯುವುದಿಲ್ಲ ಎಂದು ಜೊತೆಗಾರನೊಬ್ಬ ಹೇಳಿದ.

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಎಡಗೆನ್ನೆಯ ಮೇಲೆ ಅಂಗೈಯಗಲ ಕಪ್ಪು ಮಚ್ಚೆ ಇತ್ತು. ಅದುವರೆಗೆ ಬೀದಿಯಲ್ಲಿ ಅದು ಯಾರಿಗೂ ಕಾಣದಷ್ಟು ಹಳೆಯದಾಗಿತ್ತು. ಆ ಕಂತು ಬಂದ ಮಾರನೆಯ ದಿನ ಅವಳು ಶಾಲೆಗೆ ಹೊರಟಾಗ ಹುಡುಗರು ತಮಿಳಿನಲ್ಲಿ ರಾಗ ಎಳೆದರು: "ಪಾದಿ ಆಚ್ಚು, ಮೀದಿ ಎಪ್ಪೋ?" ಅರ್ಧ ಆಯಿತು, ಉಳಿದದ್ದು ಯಾವಾಗ? ಕೇಳಲು ಚೆನ್ನಾಗಿದ್ದ ಪ್ರಾಸವಾದ್ದರಿಂದ ಬೇಗ ಹಬ್ಬಿತು. ಅಂಗಡಿಗೆ ಹೋದರೆ, ನೀರಿಗೆ ನಿಂತರೆ, ಅದೇ. ಅರ್ಥ ತಿಳಿಯದ ಚಿಕ್ಕ ಮಕ್ಕಳೂ ಹಾಡಿದರು.

ಅಕ್ಕ ಪ್ಲಸ್ ಟು, ಅಂದರೆ ಹನ್ನೆರಡನೆಯ ತರಗತಿ, ಓದುತ್ತಿದ್ದಳು. ದುಪಟ್ಟಾವನ್ನು ಕಿವಿಯವರೆಗೆ ಎಳೆದುಕೊಂಡಳು, ಪೌಡರ್ ಹಚ್ಚಿದಳು; ಪೌಡರ್ ಬಿದ್ದ ಮಚ್ಚೆ ಬೂದು ಬಣ್ಣಕ್ಕೆ ತಿರುಗಿ ಇನ್ನಷ್ಟು ಎದ್ದು ಕಂಡಿತು. ಕೊನೆಗೆ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದಳು.

"ನಾನು ಕಂಪನಿಗೆ ಹೋಯ್ತೀನಿ" ಅಂದಳು. "ಅಲ್ಲಿ ಹುಡ್ಗೀರೆಲ್ಲ ಮಾಸ್ಕ್ ಹಾಕ್ಕೊಂಡೇ ಕೆಲ್ಸ ಮಾಡೋದು."

"ಊಟಕ್ಕೆ ಕೂತಾಗ ತೆಗೀಬೇಕಲ್ಲಮ್ಮಿ" ಅಂದರು ಅಪ್ಪ. ತಮಾಷೆಯಲ್ಲ, ಅವರು ದಿನವೂ ಕಂಡಿದ್ದನ್ನು ಹೇಳಿದ್ದರು. ಅಕ್ಕ ಎದ್ದು ಒಳಗೆ ಹೋದಳು.

ಪಬ್ಲಿಕ್ ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಫೋಟೊ ಕೊಡಬೇಕಿತ್ತು. ಕೊಡದಿದ್ದರೆ ಆ ವರ್ಷದ ಓದು ಅಲ್ಲಿಗೆ ಮುಗಿದ ಹಾಗೆ. ಅಮ್ಮ ಅವಳನ್ನು ಬೈದು, ಬೇಡಿ, ಹೊಸೂರಿನ ಸ್ಟುಡಿಯೊಗೆ ಹೊರಡಿಸಿದಳು. ನಾನೂ ಹೋಗಿದ್ದೆ. ಸ್ಟುಡಿಯೊದವನು ಒಳ್ಳೆಯ ಮನುಷ್ಯ. ಫೋಟೊ ತೆಗೆದವನು ಕಂಪ್ಯೂಟರ್ ಮುಂದೆ ಕೂತು, "ಇದನ್ನ ಕ್ಲೀನ್ ಮಾಡ್ಬುಡ್ತೀನಮ್ಮಾ, ಗೊತ್ತೇ ಆಗಲ್ಲ" ಎಂದು ಕೆನ್ನೆಯನ್ನು ಒರೆಸುತ್ತಾ ಹೋದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನುಣ್ಣನೆಯ, ಬೆಳಕು ತುಂಬಿದ, ಗುರುತಿಲ್ಲದ ಹುಡುಗಿಯೊಬ್ಬಳು ಕೂತಿದ್ದಳು.

ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. "ಈ ಫೋಟೊ ಇಟ್ಕೊಂಡು ಹೋದ್ರೆ ಪರೀಕ್ಷೆಗೆ ಒಳಗೆ ಬಿಡ್ತಾರಾ?" ಅಂತ ಕೇಳಿದಳು.

ಸ್ಟುಡಿಯೊದವನು ಮೌಸಿನಿಂದ ಕೈ ತೆಗೆದ. ಅಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ಇರೋ ಹಂಗೇ ಕೊಡಿ ಅಣ್ಣ" ಅಂದಳು ಅಕ್ಕ.

ಅಕ್ಕ ಪರೀಕ್ಷೆ ಬರೆದಳು. ಆ ಮಾತನ್ನು ಧೈರ್ಯದ ಮಾತೆಂದು ನಾನು ಎಷ್ಟೋ ವರ್ಷ ನಂಬಿದ್ದೆ. ಒಳಗೆ ಬಿಡುವುದಿಲ್ಲವೆಂಬ ಭಯವಷ್ಟೇ ಎನ್ನುತ್ತಾಳೆ ಅವಳು.

ನಾನು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ನನಗೆ ಯಾವುದನ್ನೂ ಆಧಾರವಿಲ್ಲದೆ ಒಪ್ಪಬಾರದೆಂಬ ಚಟ ಹತ್ತಿತು. ಕೂತಲ್ಲಿ ಕೂರಲಾಗದೆ ಒಮ್ಮೆ ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಆ ಕಂತನ್ನೇ ಹುಡುಕಿ ತೆಗೆದೆ. ನಾಯಕನ ಹುಬ್ಬನ್ನು ಮೇಲಕ್ಕೆ ತೀಡಿದ್ದರು, ಚರ್ಮಕ್ಕೆ ಹಸಿರು ಬಳಿದಿದ್ದರು, ಬೆಳಕು ಕೆಳಗಿನಿಂದ ಬಿದ್ದಿತ್ತು. ಕಪ್ಪು ಇರಲಿಲ್ಲ. ಚುಕ್ಕೆಯೂ ಇರಲಿಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಅಪ್ಪ ಸ್ಪೀಕರ್ ಡಬ್ಬವನ್ನು ಟಿವಿಗೆ ಒತ್ತಿ ಇಟ್ಟಿದ್ದರಿಂದ ಅದರೊಳಗಿನ ಅಯಸ್ಕಾಂತಕ್ಕೆ ಪರದೆಯ ಎಡಭಾಗದಲ್ಲಿ ಒಂದು ಕಲೆ ಕೂತಿತ್ತು. ಅದೇ ಅವನ ಕೆನ್ನೆಯ ಮೇಲೆ ಬಿದ್ದಿರಬಹುದು. ಇದು ಬೇರೆ ಕಂತೇ ಇರಬಹುದು. ಅಥವಾ ನಾವೆಲ್ಲ ಸೇರಿ ಅಕ್ಕನ ಮಚ್ಚೆಯನ್ನು ತೆಗೆದು ಅವನ ಮುಖಕ್ಕೆ ಹಚ್ಚಿ, ಅಲ್ಲೇ ಮೊದಲು ನೋಡಿದೆವೆಂದು ನಂಬಿಕೊಂಡಿರಬಹುದು. ಚುಕ್ಕೆಯನ್ನು ಕಂಡು ಮಾತಾಡಿದ ಅಜ್ಜಿ ಈಗಿಲ್ಲ. ಅವಳು ಆ ಮಾತು ಆಡಿದಳೆಂಬುದಕ್ಕೂ ನನ್ನ ನೆನಪಷ್ಟೇ ಸಾಕ್ಷಿ.

ಅಕ್ಕ ಆಗ ಕೆಲಮಂಗಲದ ಶಾಲೆಯೊಂದರಲ್ಲಿ ಟೀಚರ್. ಹೇಳಿದರೆ ಅವಳ ಮನಸ್ಸು ಹಗುರಾಗುತ್ತದೆಂದುಕೊಂಡು ರಜೆಯಲ್ಲಿ ಹೋಗಿ ಎಲ್ಲ ಹೇಳಿದೆ. ಪೇಪರ್ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟಳು.

"ಇಷ್ಟು ವರ್ಷ ಆ ಟಿವಿಯವ್ನನ್ನೇ ಬೈಕೊಂಡಿದ್ದೆ ಕಣ್ಲಾ" ಅಂದಳು. "ಅವನ ಮುಖಕ್ಕೆ ಬಣ್ಣ ಹಚ್ಚಿದೋರ್ನ."

ಮತ್ತೆ ಪೆನ್ನು ಎತ್ತಿಕೊಂಡಳು.

"ಅಮ್ಮಂಗೆ ಹೇಳ್ಬೇಡ. ಅವ್ಳಿಗೂ ಅವನ ಮೇಲೇ ಸಿಟ್ಟು, ಅದು ಹಂಗೇ ಇರ್ಲಿ, ಅಕ್ಕಪಕ್ಕದೋರ ಮೇಲೆ ತಿರುಗೋದು ಬೇಡ. ಅವ್ಳು ಇನ್ನೂ ಆ ಬೀದಿನಲ್ಲೇ ಬದುಕ್ಬೇಕಲ್ಲ."