ಸರಸಂಬಾದಿಂದ ಬಂದ ಬಂಡಿ

ಮೊಮ್ಮಕ್ಕಳೇ, ನಿಮ್ಮಲ್ಲೊಬ್ಬಳ ಸ್ಕೂಲಿನಿಂದ ಹೋದ ವಾರ ಫೋನ್ ಬಂತು. (ಯಾರೆಂದು ಹೇಳುವುದಿಲ್ಲ, ಅವಳಿಗೆ ಗೊತ್ತು.) ಮಾತಾಡುವಾಗ ಮುಖ ನೋಡುವುದಿಲ್ಲ, ತಮಾಷೆಗೆ ಹೇಳಿದ್ದನ್ನೂ ನಿಜವೆಂದು ಹಿಡಿಯುತ್ತಾಳೆ ಅಂತ ಟೀಚರ್ ದೂರು. ಡಾಕ್ಟರು ಅದಕ್ಕೊಂದು ಇಂಗ್ಲಿಷ್ ಹೆಸರನ್ನೂ ಕೊಟ್ಟಿದ್ದಾರೆ. ನನಗೆ ಮಲ್ಲಪ್ಪಜ್ಜ ನೆನಪಾದ. ಅವನ ಕಾಲದಲ್ಲಿ ಇದಕ್ಕೆ ಒಂದೇ ಹೆಸರಿತ್ತು: ಸೊಕ್ಕು.

ಮಲ್ಲಪ್ಪಜ್ಜ ನಮ್ಮ ಆಯಿಯ ತಮ್ಮ. ಆಯಿ ಅಂದರೆ ನನ್ನ ತಂದೆಯ ತಾಯಿ, ಕರಜಗಿಗೆ ಸೊಸೆಯಾಗಿ ಬಂದವಳು. ಮದುವೆಯಾದ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಈತ ಸರಸಂಬಾದಿಂದ ನಡೆದೇ ಬಂದನಂತೆ. ಆಯಿಯ ಮಾವ ನಕ್ಕು, "ನಮ್ಮ ಸೊಸೀನ ನಡಸ್ಕೋತ ಒಯ್ತೀಯೇನಲೇ? ಸ್ವಂತ ಬಂಡಿ ತಗೊಂಡು ಬಾ, ಕಳಸ್ತೀನಿ" ಅಂದರಂತೆ. ಬೀಗರ ಚೇಷ್ಟೆ, ಅಷ್ಟೇ. ಈತ ಅಲ್ಲಿಂದಲೇ ತಿರುಗಿ ಹೋದ. ನೀರೂ ಕುಡಿಯಲಿಲ್ಲ.

ಮತ್ತೆ ಬರಲೇ ಇಲ್ಲ. ತವರಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಕರೆಯದೆ ಹೋಗುವುದು ಹೇಗೆ? ಪ್ರತಿ ಪಂಚಮಿಗೆ ಓಣಿಯ ಹೆಣ್ಣುಮಕ್ಕಳು ತವರಿಗೆ ಹೊರಟರೆ, ಆಯಿ ಜೋಳದ ಅಳ್ಳು ಹುರಿಯುತ್ತ ಕೂರುತ್ತಿದ್ದಳು. ಮಾವ ಹೋದರು, ನಮ್ಮ ಅಜ್ಜ ಹೋದರು, ಆಯಿಯ ಮೊಣಕಾಲೂ ಹೋದವು.

ನಾನಾಗ ಚಿಕ್ಕವಳು, ಇನ್ನೂ ನಿಜಾಮನ ಆಳ್ವಿಕೆ. ಪಂಚಮಿ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಮನೆಯ ಮುಂದೆ ಹೊಸ ಬಂಡಿ ನಿಂತಿತು. ಇಳಿದ ಮುದುಕ ಯಾರ ಮುಖವನ್ನೂ ನೋಡದೆ, ಗಾಲಿಯನ್ನೇ ನೋಡುತ್ತ ಕೇಳಿದ: "ಅಕ್ಕನ ಮಾವನೋರು ಎಲ್ಲಿ ಅದಾರ್ರಿ? ಬಂಡಿ ತೋರಸ್ಬೇಕು."

ಇಷ್ಟು ವರ್ಷ ಯಾರದಾದರೂ ಬಂಡಿ ಬೇಡಿ ತರಬಾರದಿತ್ತೇ ಅಂತ ನನ್ನ ತಂದೆ ಬೈದರು.

"ಸ್ವಂತದ್ದು ಅಂದಿದ್ರಲ್ರಿ."

ಕೂಲಿಯವನಿಗೆ ಎತ್ತು, ಗಾಲಿ, ನೊಗ ಕೂಡಿಬರಲು ಆಯುಷ್ಯವೇ ಹಿಡಿದಿತ್ತು.

ಮಾವ ತೀರಿಹೋದದ್ದು ತಿಳಿದದ್ದೇ ತಡ, ಅವನು ಎತ್ತು ತಿರುಗಿಸತೊಡಗಿದ. ಕಳಿಸುತ್ತೇನೆ ಅಂದವರೇ ಇಲ್ಲವಲ್ಲ! ಕೂಡಿದ ಮಂದಿ ನಕ್ಕರು. ಬಾಗಿಲು ಹಿಡಿದು ನಿಂತಿದ್ದ ಆಯಿ ನಗಲಿಲ್ಲ. "ಶಿವಪ್ಪಾ, ಈ ಮನಿಗಿ ಹಿರ್ಯಾ ಈಗ ನೀ. ಬಂಡಿ ನೋಡಿ, ಅವರು ಹೇಳ್ಬೇಕಾಗಿದ್ದ ಮಾತು ನೀ ಹೇಳು" ಅಂದಳು ನನ್ನ ತಂದೆಗೆ.

ಅವರಿಗೆ ಮುಜುಗರ. ಆದರೂ ಬಂಡಿಯ ಸುತ್ತ ಹೋಗಿ, ಗಾಲಿ ತಟ್ಟಿ, ಹೆತ್ತ ತಾಯಿಯ ಎದುರೇ ಹೇಳಿದರು: "ಬಂಡಿ ಚಲೋ ಅದ. ನಮ್ಮ ಸೊಸೀನ ಕರ್ಕೊಂಡು ಹೋಗ್ರಿ."

ಆಯಿಯನ್ನು ಎತ್ತಿಯೇ ಕೂರಿಸಬೇಕಾಯಿತು. ಜೊತೆಗೆ ನನ್ನನ್ನೂ ಹತ್ತಿಸಿದರು. ಬಂಡಿ ಊರು ದಾಟಿತು. ಆಮೇಲೆ, ನಮಗೆ ಬೆನ್ನು ಮಾಡಿ ಬಂಡಿ ಹೊಡೆಯುತ್ತಿದ್ದ ಮಲ್ಲಪ್ಪಜ್ಜ ಮಾತು ಸುರು ಮಾಡಿದ. ಹಿತ್ತಲ ಬೇವು ಬಿದ್ದದ್ದು, ಕರೀ ಎಮ್ಮೆ ಸತ್ತದ್ದು, ಅಕ್ಕನ ಜೋಕಾಲಿಯ ಹಗ್ಗ ತೆಗೆದಿಟ್ಟದ್ದು. ಆಯಿ ಹೂಂಗುಡುತ್ತ ಕಣ್ಣೊರೆಸಿಕೊಂಡಳು. ಅವನು ಒಮ್ಮೆಯೂ ತಿರುಗಲಿಲ್ಲ. ಸರಸಂಬಾ ಬಂದರೂ ಮಾತು ಮುಗಿದಿರಲಿಲ್ಲ.

(ನಿಮ್ಮ ಅಜ್ಜ ಇದ್ದಾಗಲೂ ನಾನು ಮಾತಾಡಿದ್ದು ಅಡುಗೆಮನೆಯ ಬಾಗಿಲ ಮರೆಯಿಂದಲೇ. ಈಗ ನಿಮಗೆ ಎದುರು ಕೂತು ಹೇಳದೆ ಬರೆಯುವುದೂ ಅದಕ್ಕೇ.)

ಮುಖ ನೋಡಿ ಮಾತಾಡು ಅಂತ ಆ ಹುಡುಗಿಗೆ ಎಲ್ಲರೂ ಹೇಳುತ್ತೀರಿ. ಅವಳ ಬೆನ್ನ ಹಿಂದೆ ಸುಮ್ಮನೆ ಕೂತು ಒಮ್ಮೆಯಾದರೂ ಕೇಳಿದ್ದೀರಾ?