ಯಜಮಾನರ ತಟ್ಟೆಗೆ ಎದೆ ತುಂಡು

ಕೊಳ್ಳೇಗಾಲದ ನಮ್ಮ ಮಗ್ಗದ ಬೀದಿಯಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ. ಕನ್ನಡಿಯಲ್ಲಿ ಕಾಣುವ ನನ್ನ ಗೂಬೆ ಮೋರೆಯನ್ನೂ ಬಿಟ್ಟಿಲ್ಲ. ಅಣಕಿಸಲು ಎಲ್ಲರಿಗಿಂತ ಹೆಚ್ಚು ಖುಷಿ ಕೊಡುತ್ತಿದ್ದವರು ಪಕ್ಕದ ಮನೆ ದೊಡ್ಡವ್ವ. ಯಾರೇ ಎದುರಾಡಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸೌಟು ಯಾರ್ ಕೈಲದೆ?" ಅನ್ನೋರು.

ಅವರ ಗಂಡನಿಗೊಮ್ಮೆ ಎದೆನೋವು ಬಂತು. "ಕೊಬ್ಬು ತಿಂದರೆ ಉಳಿಯೋದು ಕಷ್ಟ. ಕೋಳಿಯಾದರೆ ಚರ್ಮ ಸುಲಿದು, ಎದೆ ತುಂಡು ಮಾತ್ರ" ಅಂದರು ಡಾಕ್ಟರು. ನಮ್ಮಲ್ಲೋ ಕೋಳಿ ಕಾಲು ಯಜಮಾನನದು. ಒಣಕಲು ಎದೆ ತುಂಡು ಕೊನೆಗೆ ಉಣ್ಣುವ ಹೆಂಗಸರದು.

ಒಂದು ಭಾನುವಾರ ಹನೂರಿನಿಂದ ಗಂಡನ ಅಣ್ಣ ಊಟಕ್ಕೆ ಬಂದರು. ತಮ್ಮನ ತಟ್ಟೆ ನೋಡಿ ಸಿಡುಕಿದರು.

"ಏನವ್ವಾ, ಯಜಮಾನ್ನಿಗೆ ಎಂಗಸ್ರ ತುಂಡಾ? ಕಾಲು ಆಕು. ಮರ್ವಾದೆ ಓಯ್ತದೆ."

"ಓಗ್ಲಿ ಬುಡಿ ಭಾವ. ಮರ್ವಾದೆ ಓದ್ರೆ ನಾಳೆ ಬತ್ತದೆ. ಇವ್ರು ಓದ್ರೆ ಬಂದಾರಾ?"

"ಅಂಗಾದ್ರೆ ಆ ಕಾಲು ಯಾರ್ಗೆ?"

ದೊಡ್ಡವ್ವ ತಟ್ಟೆ ತಂದು ಗಂಡಸರ ಸಾಲಿನಲ್ಲೇ ಕೂತರು. ಕಾಲನ್ನು ತಾವೇ ಬಡಿಸಿಕೊಂಡು, ಭಾವನನ್ನೇ ನೋಡುತ್ತ ಕಚ್ಚಿದರು. ಭಾವ ಧಡಕ್ಕನೆ ಎದ್ದು ಕೈ ತೊಳೆದರು. ಕರೆಯದೆ ಊಟಕ್ಕೆ ಕೂತಿದ್ದ ನಾನು ಅಣಕಿಸೋದು ಮರೆತು ಸಾರು ಕಲಸಿಕೊಂಡೆ.

ಗಂಡ ಮಾತ್ರ ತಮ್ಮ ಎದೆ ತುಂಡಿನ ತಟ್ಟೆಯನ್ನು ಪಕ್ಕಕ್ಕೆಳೆದು, ಹೆಂಡತಿಗೆ ಇನ್ನಷ್ಟು ಜಾಗ ಬಿಟ್ಟರು.